ಸಾತನೂರು ವಿಧಾನಸಭಾ ಕ್ಷೇತ್ರದ ಹಳೆಯ ಫಲಿತಾಂಶ: ಈಗಿನ ಕನಕಪುರಕ್ಕೆ ಜೋಡಿಸುವುದು ಹೇಗೆ?

ಮತಗಣಿತ ಕೇಳಿದ್ದು:

2008ರಲ್ಲಿ ಕ್ಷೇತ್ರಗಳ ಗಡಿ ಪುನರ್ವಿಂಗಡಣೆಯಾದಾಗ ಇಲ್ಲವಾದ ಸಾತನೂರು ಕ್ಷೇತ್ರದ ಫಲಿತಾಂಶಗಳನ್ನು ಒಂದು ಕೋಷ್ಟಕಕ್ಕೆ ತರಬೇಕಾಗಿದೆ. ಮೂರು ಕಡೆ ಸಿಕ್ಕಿಕೊಂಡಿದೆ.

ಮೊದಲನೆಯದು, ಕನಕಪುರ ಅಂತ ಹುಡುಕಿದರೆ 2004ರವರೆಗೆ ಪಿ.ಜಿ.ಆರ್. ಸಿಂಧ್ಯಾ, 2008ರಿಂದ ಡಿ.ಕೆ. ಶಿವಕುಮಾರ್ ಎಂದು ಬರುತ್ತದೆ. 2008ರಲ್ಲಿ ಜನತಾ ಪರಿವಾರದ ಕೈಯಿಂದ ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯಿತು ಎಂದು ಬರೆಯಬಹುದೇ? ಎರಡನೆಯದು, 1985ರಲ್ಲಿ ಸಾತನೂರಿನಿಂದ ಗೆದ್ದವರು ಎಚ್.ಡಿ. ದೇವೇಗೌಡ ಎಂದಿದೆ, ಆದರೆ ಅದೇ ವರ್ಷದ ಹೊಳೆನರಸೀಪುರದ ಪಟ್ಟಿಯಲ್ಲೂ ಅವರದೇ ಹೆಸರು. ಮೂರನೆಯದು, 1989 ಮತ್ತು 1994ರ ಮತಗಟ್ಟೆವಾರು ಅಂಕಿ ಎಲ್ಲಿ ಸಿಗುತ್ತದೆ? ಅದು ಸಿಕ್ಕರೆ ಹಳೆಯ ಮತಗಳನ್ನು ಹೊಸ ಗಡಿಗೆ ಕೂಡಿಸಿ ನೋಡುವ ಯೋಚನೆ.

ಹೋಬಳಿಲೆಕ್ಕ ಉತ್ತರ:

ಖಂಡಿತ ಹಾಗೆ ಬರೆಯಬೇಡಿ. ಈ ಒಂದು ತಪ್ಪು ಎಷ್ಟೋ ಲೇಖನಗಳಲ್ಲಿ ಕೂತುಬಿಟ್ಟಿದೆ. 2004ರವರೆಗಿನ ಕನಕಪುರ ಬೇರೆ ಕ್ಷೇತ್ರ, 2008ರ ನಂತರದ ಕನಕಪುರ ಬೇರೆ ಕ್ಷೇತ್ರ, ಎರಡಕ್ಕೂ ಒಂದೇ ಹೆಸರು ಅಷ್ಟೇ. ಶಿವಕುಮಾರ್ 2008ರಲ್ಲಿ ಯಾರ ಕೈಯಿಂದಲೂ ಕ್ಷೇತ್ರ ಕಿತ್ತುಕೊಂಡಿಲ್ಲ. ಅವರು 1989, 1994, 1999, 2004ರಲ್ಲಿ ಗೆದ್ದ ಸಾತನೂರಿನ ನೆಲ ಹೊಸ ಕನಕಪುರಕ್ಕೆ ಬಂತು. ಕನಕಪುರ ತಾಲ್ಲೂಕಿನ ಹಾರೋಹಳ್ಳಿ, ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರಕ್ಕೆ ಹೋದವು. ಹಾಗಾಗಿ ಹೆಸರು ಬದಲಾಗದ ರಾಮನಗರದ ಸರಣಿಯೂ 2008ರಲ್ಲಿ ಮುರಿಯುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಣಿ ಕಟ್ಟುವುದಾದರೆ ನೆಲ ಹಿಡಿದು ಕಟ್ಟಿ, ಹೆಸರು ಹಿಡಿದು ಬೇಡ. 1978, 1983, 1985, 1989, 1994, 1999, 2004, ಈ 7 ಸಾರ್ವತ್ರಿಕ ಚುನಾವಣೆಗಳು ನಡೆದದ್ದು 1971ರ ಜನಗಣತಿ ಆಧರಿಸಿದ 1976ರ ಪುನರ್ವಿಂಗಡಣೆ ಆದೇಶದ ಗಡಿಯಲ್ಲಿ. ಇವು ಒಂದಕ್ಕೊಂದು ನೇರವಾಗಿ ಹೋಲುತ್ತವೆ. 2008ರ ಗಡಿ 2001ರ ಜನಗಣತಿಯದ್ದು. 1972ಕ್ಕೂ 1978ಕ್ಕೂ ನಡುವೆ ಒಂದು ಗೆರೆ, 2004ಕ್ಕೂ 2008ಕ್ಕೂ ನಡುವೆ ಇನ್ನೊಂದು ಗೆರೆ ಎಳೆಯಿರಿ. ವಿಧಾನಸಭೆಯ ಒಟ್ಟು ಸ್ಥಾನ 1972ರಲ್ಲಿ 216, 1978ರಿಂದ 224. ಗಡಿ ಬದಲಾಗಿದೆ ಎನ್ನುವುದಕ್ಕೆ ಇದೊಂದೇ ಸಂಖ್ಯೆ ಸಾಕು. 2008ರಲ್ಲಿ ಮಾತ್ರ ಒಟ್ಟು 224 ಹಾಗೇ ಉಳಿಯಿತು, ಅದಕ್ಕೇ ಜನ ಮೋಸಹೋಗುತ್ತಾರೆ.

ಆದೇಶ ಓದುವಾಗ ಒಂದು ಕಷ್ಟವಿದೆ. 2008ರ ಆದೇಶದಲ್ಲಿ ಕ್ಷೇತ್ರದ ವ್ಯಾಪ್ತಿಯನ್ನು 'ಕೆಸಿ', 'ಟಿಸಿ' ಎಂಬ ಕಂದಾಯ ವೃತ್ತಗಳಲ್ಲಿ ಕೊಟ್ಟಿದ್ದಾರೆ. ಕೆಸಿ ಅಂದರೆ ಸುಮಾರಾಗಿ ನಮ್ಮ ಹೋಬಳಿ ಮಟ್ಟ, ಟಿಸಿ ಅಂದರೆ ಗ್ರಾಮಲೆಕ್ಕಿಗರ ವೃತ್ತ. 'ತಾಲ್ಲೂಕು, ಭಾಗ' ಎಂದು ಕಂಡಲ್ಲೆಲ್ಲ ನಿಂತು ವೃತ್ತದ ಹೆಸರು ಒಂದೊಂದಾಗಿ ಬರೆದುಕೊಳ್ಳಿ.

ಎರಡನೇ ಪ್ರಶ್ನೆ. 1985ರಲ್ಲಿ ದೇವೇಗೌಡರು ಎರಡೂ ಕಡೆ ನಿಂತು ಎರಡೂ ಕಡೆ ಗೆದ್ದರು. ಸಾತನೂರಿನಲ್ಲಿ ಅವರ ಎದುರು ಸೋತವರು ಶಿವಕುಮಾರ್. ಒಬ್ಬರು ಎರಡು ಸ್ಥಾನ ಇಟ್ಟುಕೊಳ್ಳುವಂತಿಲ್ಲ. ಹೊಳೆನರಸೀಪುರ ಉಳಿಸಿಕೊಂಡು ಸಾತನೂರು ಬಿಟ್ಟರು. ಆಮೇಲೆ ಅಲ್ಲಿ ಉಪಚುನಾವಣೆ. ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿಯಲ್ಲಿ ಉಪಚುನಾವಣೆ ಸೇರುವುದಿಲ್ಲ. ವರದಿಯನ್ನಷ್ಟೇ ನಂಬಿದರೆ ದೇವೇಗೌಡರು 1989ರವರೆಗೆ ಸಾತನೂರಿನ ಶಾಸಕರಾಗಿದ್ದರು ಎಂಬ ತಪ್ಪು ಚಿತ್ರ ಮೂಡುತ್ತದೆ. ಪಕ್ಕದ ಹಳೆಯ ಕನಕಪುರದಲ್ಲೂ ಇದೇ ಕಥೆ: 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಸದನಕ್ಕೆ ಬಂದದ್ದು ಸಿಂಧ್ಯಾ ತೆರವು ಮಾಡಿದ ಕನಕಪುರದ ಉಪಚುನಾವಣೆಯಿಂದ. ಇಂಥ ಸಾಲುಗಳನ್ನು ವಿಧಾನಸಭಾ ಸಚಿವಾಲಯದ ಸದಸ್ಯರ ಪಟ್ಟಿ ಮತ್ತು ರಾಜ್ಯಪತ್ರದ ಅಧಿಸೂಚನೆಯಿಂದಲೇ ತುಂಬಬೇಕು.

ಪಕ್ಷದ ಕಾಲಂನಲ್ಲೂ ಎಚ್ಚರ. 1994ರಲ್ಲಿ ಶಿವಕುಮಾರ್ ಗೆದ್ದದ್ದು ಪಕ್ಷೇತರರಾಗಿ. ಪಕ್ಷ ಮಾತ್ರ ನೋಡಿ ಗ್ರಾಫ್ ಹಾಕಿದರೆ ಆ ವರ್ಷ ಕಾಂಗ್ರೆಸ್ ಕ್ಷೇತ್ರ ಕಳೆದುಕೊಂಡು 1999ರಲ್ಲಿ ಮರಳಿ ಪಡೆಯಿತು ಎನ್ನುವಂತೆ ಕಾಣುತ್ತದೆ. ನೆಲದಲ್ಲಿ ಶಾಸಕರು ಬದಲಾಗಲೇ ಇಲ್ಲ. ಜನತಾದಳ 115 ಸ್ಥಾನ ಗೆದ್ದು ಕಾಂಗ್ರೆಸ್ 34ಕ್ಕೆ ಕುಸಿದ ವರ್ಷ ಅದು. ಹಾಗಿರುವಾಗ ಈ ಗೆಲುವು ಪಕ್ಷದ ಲೆಕ್ಕದಲ್ಲಿ ಕಳೆದುಹೋಗಬಾರದು. ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಬೇರೆ ಕಾಲಂ ಇಡಿ. 1999ರಲ್ಲಿ ಅವರ ಎದುರು ಸೋತವರು ಎಚ್.ಡಿ. ಕುಮಾರಸ್ವಾಮಿ, ಆ ಸಾಲೂ ತಪ್ಪದಿರಲಿ.

1978ರ ವರದಿಯಲ್ಲಿ 'ಐಎನ್‌ಸಿ' ಎಂದಿರುವುದು ಇಂದಿರಾ ಕಾಂಗ್ರೆಸ್ ಅಲ್ಲ. ಇಂದಿರಾ ಕಾಂಗ್ರೆಸ್ಸಿಗೆ 'ಐಎನ್‌ಸಿ-ಐ' ಎಂಬ ಬೇರೆ ಗುರುತಿದೆ. ಅದು ಗೆದ್ದದ್ದು 149, ಇನ್ನೊಂದು ಬಣ ಬರೀ 2. ಇವನ್ನು ಅದಲುಬದಲು ಮಾಡಿದರೆ 1978ರ ಸಾಲೇ ತಲೆಕೆಳಗು. 1989ರಲ್ಲಿ ಜನತಾದಳ ಮತ್ತು ಜನತಾ ಪಕ್ಷ ಎರಡೂ ಕಣದಲ್ಲಿದ್ದವು. ಆ ವರ್ಷ ದೇವೇಗೌಡರು ಜನತಾ ಪಕ್ಷದಿಂದ ಹೊಳೆನರಸೀಪುರ, ಕನಕಪುರ ಎರಡರಲ್ಲೂ ಸೋತರು. ಕನಕಪುರದಲ್ಲಿ ಗೆದ್ದ ಸಿಂಧ್ಯಾ ಜನತಾದಳದವರು. ಎರಡನ್ನೂ 'ಜನತಾ' ಎಂದು ಒಟ್ಟು ಹಾಕುವ ಮುನ್ನ ಯೋಚಿಸಿ.

ಹಳೇಪೆಟ್ಟಿಗೆ ಉತ್ತರ:

ಮೂರನೇ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ. 1989, 1994ರ ಮತಗಟ್ಟೆವಾರು ಅಂಕಿ ಹುಡುಕಿ ಸಮಯ ಕಳೆಯಬೇಡಿ. ಮತಪತ್ರದ ಕಾಲದಲ್ಲಿ ಎಣಿಕೆಗೆ ಮುಂಚೆ ಹಲವು ಮತಗಟ್ಟೆಗಳ ಪತ್ರಗಳನ್ನು ಒಟ್ಟಿಗೆ ಬೆರೆಸುತ್ತಿದ್ದರು. ಯಾವ ಊರು ಯಾರಿಗೆ ಹಾಕಿತು ಎಂದು ಗೊತ್ತಾಗಿ ಊರಿನ ಮೇಲೆ ಸೇಡು ತೀರಿಸಿಕೊಳ್ಳಬಾರದು ಎಂಬ ಕಾರಣಕ್ಕೆ ಮಾಡಿದ ವ್ಯವಸ್ಥೆ ಅದು. ಬೆರೆಸಿದ ಮೇಲೆ ಬಿಡಿಸಲು ದಾರಿಯಿಲ್ಲ.

2004ರಲ್ಲಿ ರಾಜ್ಯದ ಎಲ್ಲೆಡೆ ಇವಿಎಂ ಬಂತು. ಯಂತ್ರ ಮತಗಟ್ಟೆಗೊಂದರಂತೆ ಲೆಕ್ಕ ಕೊಡುವುದರಿಂದ ಫಾರಂ 20ರಲ್ಲಿ (ಚುನಾವಣಾಧಿಕಾರಿ ತುಂಬುವ ಅಂತಿಮ ಫಲಿತಾಂಶ ಪತ್ರ) ಗಟ್ಟೆವಾರು ಸಾಲು ಉಳಿದಿದೆ. ಹಳೆಯ ಗಡಿಯ ಕೊನೆಯ ಚುನಾವಣೆಯೂ ಅದೇ ಆದದ್ದು ನಮ್ಮ ಪುಣ್ಯ. ಹೊಸ ಗಡಿಗೆ ಕೂಡಿಸಲು ನಿಮ್ಮ ಕೈಗೆ ಸಿಗುವುದು ಈ ಒಂದು ವರ್ಷ ಮಾತ್ರ.

ಮಾಡುವ ಕ್ರಮ ಹೀಗೆ. ಸಾತನೂರು ಮತ್ತು ಹಳೆಯ ಕನಕಪುರ ಎರಡರ 2004ರ ಫಾರಂ 20, ಅದೇ ವರ್ಷದ ಮತಗಟ್ಟೆ ಪಟ್ಟಿ, 2001ರ ಜನಗಣತಿಯ ಗ್ರಾಮಸಂಕೇತ (ಪ್ರತಿ ಹಳ್ಳಿಗೂ ಕೊಟ್ಟ ಸಂಖ್ಯೆ) ಪಟ್ಟಿ ತೆಗೆದುಕೊಳ್ಳಿ. ಪ್ರತಿ ಮತಗಟ್ಟೆಗೆ ಗ್ರಾಮ, ಗ್ರಾಮಕ್ಕೆ ಹೋಬಳಿ ಬರೆಯಿರಿ. ನಂತರ ಹೋಬಳಿವಾರು ಕೂಡಿಸಿ, 2008ರ ಆದೇಶದಂತೆ ಹಂಚಿ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ 2004ರ ಕಡತದ ಮೇಲೆ ಇರುವ ಜಿಲ್ಲೆಯ ಹೆಸರು ಬೆಂಗಳೂರು ಗ್ರಾಮಾಂತರ. ಅರ್ಜಿ ಹಾಕುವಾಗ ಜಿಲ್ಲೆ, ವರ್ಷ, ಕ್ಷೇತ್ರ ಮೂರನ್ನೂ ಆಗಿನ ಹೆಸರಲ್ಲೇ ಬರೆಯಿರಿ.

ಫಾರಂ 20ರ ಒಂದು ಸಾಲು ಎಡದಿಂದ ಬಲಕ್ಕೆ ಹೀಗಿರುತ್ತದೆ: ಮತಗಟ್ಟೆ ಸಂಖ್ಯೆ, ಅಭ್ಯರ್ಥಿಗಳಿಗೆ ಬಿದ್ದ ಮತ, ಸಿಂಧು (ಊರ್ಜಿತ) ಮತಗಳ ಮೊತ್ತ, ತಿರಸ್ಕೃತ, ಒಟ್ಟು, ಕೊನೆಗೆ ಟೆಂಡರ್ ಮತ (ತನ್ನ ಹೆಸರಿನಲ್ಲಿ ಬೇರೊಬ್ಬರು ಆಗಲೇ ಮತ ಹಾಕಿದ್ದಾಗ ಮತದಾರ ಹಾಕುವ ಮತ). ಈ ಕೊನೆಯ ಕಾಲಂ ಎಣಿಕೆಗೆ ಸೇರುವುದೇ ಇಲ್ಲ. ಸಾಲಿನ ಮೊತ್ತಕ್ಕೆ ಅದನ್ನೂ ಸೇರಿಸಿದರೆ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ. ಅಂಚೆ ಮತ ತಳದಲ್ಲಿ ಬೇರೆ ಸಾಲಾಗಿ ಬರುತ್ತದೆ. ಅದಕ್ಕೆ ಊರಿಲ್ಲ, ಹೋಬಳಿಗಳಿಗೆ ಹಂಚಬೇಡಿ, ಪ್ರತ್ಯೇಕವಾಗಿಯೇ ಇಡಿ.

ತಪ್ಪುವುದು ಹೆಚ್ಚಾಗಿ ಸಂಖ್ಯೆ ನಂಬಿದಾಗ. 2004ರ 45ನೇ ಮತಗಟ್ಟೆಗೂ 2008ರ 45ನೇ ಮತಗಟ್ಟೆಗೂ ಸಂಬಂಧವಿರುವುದಿಲ್ಲ. ಮತದಾರರು ಹೆಚ್ಚಾದಾಗ ಒಂದು ಗಟ್ಟೆ ಒಡೆದು 'ಎ' ಎಂಬ ಉಪಗಟ್ಟೆ ಹುಟ್ಟುತ್ತದೆ. ಒಂದೇ ಹೆಸರಿನ ಎರಡು ಹಳ್ಳಿಗಳೂ ಇರುತ್ತವೆ. ಗ್ರಾಮಸಂಕೇತ ಹಾಕಿಕೊಂಡರೆ ಈ ಮೂರೂ ತೊಂದರೆ ತಪ್ಪುತ್ತವೆ.

1999ಕ್ಕೆ ಒಂದು ಅಡ್ಡಪರೀಕ್ಷೆ ಇದೆ. ಆ ವರ್ಷ ಲೋಕಸಭೆ, ವಿಧಾನಸಭೆ ಚುನಾವಣೆ ಒಟ್ಟಿಗೆ ನಡೆದವು. ಲೋಕಸಭಾ ವರದಿಯ ಮೂರನೇ ಸಂಪುಟದಲ್ಲಿ ವಿಧಾನಸಭಾ ಕ್ಷೇತ್ರವಾರು ಮತಗಳಿವೆ. ಅಲ್ಲಿನ ಸಾತನೂರಿನ ಸಾಲನ್ನು ವಿಧಾನಸಭಾ ಫಲಿತಾಂಶದ ಪಕ್ಕ ಇಟ್ಟು ನೋಡಿ. ಕನಕಪುರ ಅನ್ನುವ ಲೋಕಸಭಾ ಕ್ಷೇತ್ರವೂ ಇತ್ತು ಮತ್ತು ಅದೂ 2008ರಲ್ಲೇ ಹೋಯಿತು ಎನ್ನುವುದು ನೆನಪಿರಲಿ. 2002ರ ಉಪಚುನಾವಣೆಯಲ್ಲಿ ದೇವೇಗೌಡರು ಶಿವಕುಮಾರ್ ಅವರನ್ನು ಸೋಲಿಸಿದ್ದು ಆ ಲೋಕಸಭಾ ಕ್ಷೇತ್ರದಲ್ಲಿ.

ಕಡಲಂಚು ಉತ್ತರ:

ಹೆಸರಿನ ಮೋಸಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಮಂಗಳೂರು. 1994, 1999, 2004ರಲ್ಲಿ 'ಮಂಗಳೂರು' ಗೆದ್ದವರು ಬಿಜೆಪಿಯ ಎನ್. ಯೋಗೀಶ್ ಭಟ್. 2008ರಲ್ಲಿ 'ಮಂಗಳೂರು' ಗೆದ್ದವರು ಕಾಂಗ್ರೆಸ್ಸಿನ ಯು.ಟಿ. ಖಾದರ್. ಭಟ್ಟರು ಸೋತರೇ? ಇಲ್ಲ, ಅವರು ಅದೇ ವರ್ಷ ಮಂಗಳೂರು ನಗರ ದಕ್ಷಿಣದಿಂದ ಗೆದ್ದರು. ಹೊಸ 'ಮಂಗಳೂರು' ನಿಜಕ್ಕೂ ಹಳೆಯ ಉಳ್ಳಾಲ. ಅಲ್ಲಿ 1999, 2004ರಲ್ಲಿ ಯು.ಟಿ. ಫರೀದ್, ಅವರ ನಿಧನಾನಂತರ 2007ರ ಉಪಚುನಾವಣೆಯಲ್ಲಿ ಖಾದರ್.

ಬೆಂಗಳೂರಿನ ಉತ್ತರಹಳ್ಳಿಗೆ ಮಾತ್ರ ಈ ಉಪಾಯ ನಡೆಯದು. ಆ ದೊಡ್ಡ ಕ್ಷೇತ್ರ ಹಲವು ಚೂರಾಯಿತು, ಒಬ್ಬ ಉತ್ತರಾಧಿಕಾರಿ ಇಲ್ಲ. ಆರ್. ಅಶೋಕ ಅಲ್ಲಿಂದ ಪದ್ಮನಾಭನಗರಕ್ಕೆ ಹೋದರು ಎಂದು ಪದ್ಮನಾಭನಗರವನ್ನೇ ಉತ್ತರಹಳ್ಳಿಯ ಮುಂದುವರಿಕೆ ಎನ್ನುವುದು ತಪ್ಪು. ಅದು ಶಾಸಕರ ಇತಿಹಾಸವಾಗುತ್ತದೆ, ಮತದಾರರದ್ದಲ್ಲ.

ಮತಗಣಿತ:

ಧನ್ಯವಾದ. 1978–2004 ಒಂದು ಕೋಷ್ಟಕ, 2008ರಿಂದ ಇನ್ನೊಂದು, ನಡುವೆ ಹೊಸ ಗಡಿಗೆ ಕೂಡಿಸಿದ 2004ರ ಒಂದು ಸಾಲು. ಹೀಗೆ ಮಾಡುತ್ತೇನೆ. ಶೇಕಡಾವಾರು ಯಾವುದರ ಮೇಲೆ ತೆಗೆಯುವುದು, ಚಲಾವಣೆಯಾದ ಮತದ ಮೇಲೋ, ಸಿಂಧು ಮತದ ಮೇಲೋ?

ಹೋಬಳಿಲೆಕ್ಕ ಉತ್ತರ:

ಸಿಂಧು ಮತದ ಮೇಲೆ, ಎಲ್ಲ ವರ್ಷಕ್ಕೂ. ಮತಪತ್ರದ ಕಾಲದಲ್ಲಿ ತಿರಸ್ಕೃತ ಮತ ಗಣನೀಯವಾಗಿರುತ್ತಿತ್ತು, ಇವಿಎಂ ಬಂದ ಮೇಲೆ ಬಹುಪಾಲು ಅಂಚೆ ಮತಕ್ಕೆ ಸೀಮಿತ. ಚಲಾವಣೆಯಾದ ಮತ ಹಿಡಿದರೆ ಹಳೆಯ ವರ್ಷಗಳ ಎಲ್ಲ ಅಭ್ಯರ್ಥಿಗಳೂ ಸ್ವಲ್ಪ ಕುಗ್ಗಿದಂತೆ ಕಾಣುತ್ತಾರೆ.

ನೋಟಾ ನಮ್ಮ ವಿಧಾನಸಭಾ ಸಾರ್ವತ್ರಿಕ ಚುನಾವಣೆಗೆ ಬಂದದ್ದು 2018ರಲ್ಲಿ. ಆಯೋಗದ ಜಾಲತಾಣ ತೋರಿಸುವ ಶೇಕಡಾವಾರಿನಲ್ಲಿ ನೋಟಾ ಸೇರಿರುತ್ತದೆ, ಠೇವಣಿ ಲೆಕ್ಕದಲ್ಲಿ ಸೇರುವುದಿಲ್ಲ. 2018, 2023ಕ್ಕೆ ನೋಟಾ ಕಳೆದು ನೀವೇ ಭಾಗಿಸಿ. 2023ರ ಕನಕಪುರದಲ್ಲಿ ಶಿವಕುಮಾರ್ 1,43,023, ಜೆಡಿಎಸ್ 20,631, ಬಿಜೆಪಿಯಿಂದ ನಿಂತ ಆರ್. ಅಶೋಕ 19,753. ಅಂತರ 1,22,392. ಈ ಮೂವರ ಮತ ಕೂಡಿಸಿದರೇ 1,83,407, ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗ ಅದರಲ್ಲೇ 30,567 ದಾಟುತ್ತದೆ. ಉಳಿದ ಅಭ್ಯರ್ಥಿಗಳ ಮತ ಸೇರಿಸುವ ಮೊದಲೇ ಇಬ್ಬರ ಠೇವಣಿಯೂ ಹೋಯಿತು. ಹಳೆಯ ಸಾತನೂರಿನ ಪ್ರತಿ ವರ್ಷಕ್ಕೂ ಇದೇ ರೀತಿ ಆರನೇ ಒಂದರ ಕಾಲಂ ಹಾಕಿ. ಎರಡನೇ ಸ್ಥಾನಕ್ಕೆ ನಿಜವಾದ ಪೈಪೋಟಿ ಯಾವ ವರ್ಷದವರೆಗೆ ಇತ್ತು ಎನ್ನುವುದು ಅಲ್ಲಿ ಕಾಣುತ್ತದೆ.