ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಆದವರು ಯಾವ ವಾರ್ಡಿನಲ್ಲಿದ್ದರೂ ಒಂದೇಯೇ?

ಹಿರಿಮಗಳು: ಸೊಂಟದ ಮೂಳೆ ಮುರಿದಿದ್ದ ಅಮ್ಮನಿಗೆ ನಿನ್ನೆ ಶಸ್ತ್ರಚಿಕಿತ್ಸೆ ಆಯಿತು. ಮೂಳೆ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲವೆಂದು ಹೊಟ್ಟೆಯ ಶಸ್ತ್ರಚಿಕಿತ್ಸೆಯವರ ವಾರ್ಡಿಗೆ ಕಳುಹಿಸಿದ್ದಾರೆ. ಎಲ್ಲಿದ್ದರೂ ಔಷಧಿ ಅದೇ ಎನ್ನುತ್ತಾರೆ. ನಿಜವೇ?

ವಾರ್ಡ್ ಸಿಸ್ಟರ್: ಔಷಧಿ ಅದೇ, ಕೈಗಳು ಬೇರೆ. ಮೂಳೆ ವಾರ್ಡಿನ ನಾವು ಮರುದಿನ ಬೆಳಿಗ್ಗೆಯೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತೇವೆ, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ಹಾಕಿಸುತ್ತೇವೆ. ಬೇರೆ ವಾರ್ಡಿನ ನರ್ಸ್ ಸೋಮಾರಿಯಲ್ಲ. ಆ ಕಾಲಿನ ಮೇಲೆ ಭಾರ ಬಿಡಿಸಬಹುದೋ ಇಲ್ಲವೋ ಎಂಬ ಅಳುಕು ಅವಳಿಗೆ. ಕೇಳೋಣವೆಂದರೆ ಮೂಳೆ ವೈದ್ಯರ ರೌಂಡ್ಸ್ ಅಲ್ಲಿಗೆ ತಲುಪುವುದು ಎಲ್ಲರನ್ನೂ ನೋಡಿ ಮುಗಿಸಿದ ಮೇಲೆ. ಈ ವಯಸ್ಸಿನಲ್ಲಿ ಸುಮ್ಮನೆ ಮಲಗಿದರೆ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ತೊಡೆಯ ಬಲ ಇಳಿಯುತ್ತದೆ.

ಲೆಕ್ಕಿಗ: ಅನುಭವಕ್ಕೆ ಕೈಮುಗಿಯುತ್ತೇನೆ, ತೀರ್ಮಾನಕ್ಕಲ್ಲ. ಯಾರನ್ನು ಎಲ್ಲಿ ಮಲಗಿಸುತ್ತಾರೆ ಎಂಬುದು ಚೀಟಿ ಎತ್ತಿ ಆಗುವುದಿಲ್ಲ. ಹೃದಯ, ಕಿಡ್ನಿ ಕೈಕೊಟ್ಟವರನ್ನು ಮೆಡಿಸಿನ್ ವಾರ್ಡಿಗೆ ಹಾಕುತ್ತಾರೆ. ಅಲ್ಲಿ ಸಾವು ಹೆಚ್ಚಾದರೆ ವಾರ್ಡನ್ನು ದೂರುವುದೇ?

ನಿವೃತ್ತ ವೈದ್ಯ: ಚೀಟಿ ಎತ್ತಿಯೇ ನೋಡಿದ್ದಾರೆ. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ 70 ದಾಟಿದ 397 ಮಂದಿಯಲ್ಲಿ ಕೆಲವರನ್ನು ಮೂಳೆ ವಾರ್ಡಿಗೆ, ಕೆಲವರನ್ನು ವೃದ್ಧರ ವಾರ್ಡಿಗೆ ಸೇರಿಸಿದರು. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳ ಬಳಿಕ ನಡಿಗೆ, ಸಮತೋಲನ, ಕುರ್ಚಿಯಿಂದ ಏಳುವುದು ಎಲ್ಲ ಸೇರಿ 12 ಅಂಕಗಳಿಗೆ ವೃದ್ಧರ ವಾರ್ಡಿನವರು ಸರಾಸರಿ 5.12, ಮೂಳೆ ವಾರ್ಡಿನವರು 4.38.

ಲೆಕ್ಕಿಗ: ಮುಕ್ಕಾಲು ಅಂಕ! ಅದೂ ಅಲ್ಲಿ ಸೋತದ್ದು ಸಿಸ್ಟರ್ ಹೊಗಳುತ್ತಿರುವ ಮೂಳೆ ವಾರ್ಡೇ.

ನಿವೃತ್ತ ವೈದ್ಯ: ಆ ಅಳತೆಯಲ್ಲಿ ಅರ್ಧ ಅಂಕವನ್ನೂ ಗಣನೀಯವೆಂದೇ ಎಣಿಸುತ್ತಾರೆ. ಎರಡನೆಯ ಮಾತು ಒಪ್ಪಿದೆ. ಗೆದ್ದದ್ದು ಕೋಣೆಯಲ್ಲ, ಅಲ್ಲಿನ ತಂಡ: ನೋವು, ಮಲಬದ್ಧತೆ, ರಕ್ತದ ಸೋಡಿಯಂ, ಬೇಡದ ನಿದ್ರೆಮಾತ್ರೆ ಇವನ್ನೆಲ್ಲ ದಿನವೂ ನೋಡುವವರು. ಅಮೆರಿಕದಲ್ಲಿ 2001ರ ಒಂದು ಪ್ರಯೋಗದಲ್ಲಿ ವಾರ್ಡ್ ಬದಲಿಸದೆ ವೃದ್ಧಾಪ್ಯ ತಜ್ಞರನ್ನೇ ರೋಗಿಯ ಬಳಿಗೆ ಕಳುಹಿಸಿದರು. ಸನ್ನಿಗೆ, ಅಂದರೆ ಇದ್ದಕ್ಕಿದ್ದಂತೆ ಮನಸ್ಸು ಗೊಂದಲಗೊಳ್ಳುವ ಸ್ಥಿತಿಗೆ, ಒಳಗಾದವರು ಶೇ. 50ರಿಂದ ಶೇ. 32ಕ್ಕೆ ಇಳಿದರು.

ವಾರ್ಡ್ ಸಿಸ್ಟರ್: ಸನ್ನಿಯ ಮಾತು ಬಂದಿತಲ್ಲ, ನಡುರಾತ್ರಿ ಸ್ಟ್ರೆಚರ್ ಮೇಲೆ ವಾರ್ಡ್ ಬದಲಿಸುವಾಗ ಕನ್ನಡಕವೂ ಶ್ರವಣಯಂತ್ರವೂ ಹಳೆಯ ಹಾಸಿಗೆಯ ಪಕ್ಕದ ಡ್ರಾಯರಿನಲ್ಲೇ ಉಳಿಯುತ್ತವೆ. ಕಾಣದೆ, ಕೇಳದೆ ಎಚ್ಚರಗೊಂಡ ಮುದುಕಿ ಗಾಬರಿಯಲ್ಲಿ ಡ್ರಿಪ್ ಕಿತ್ತುಹಾಕಿದರೆ "ಮೊಂಡು" ಎಂದು ಬೈಸಿಕೊಳ್ಳುತ್ತಾಳೆ.

ಹಿರಿಮಗಳು: ಕೇಸ್ ಶೀಟಿನಲ್ಲಿ ಕಾಲಿನ ಭಾರದ ವಿಷಯ ಇರಲೇ ಇಲ್ಲ. ಹಟ ಹಿಡಿದು ಬರೆಸಿದೆ. ಮಧ್ಯಾಹ್ನ ಫಿಸಿಯೋ ಬಂದು ನಿಲ್ಲಿಸಿದರು. ನಾಳೆ ಮೂಳೆ ವಾರ್ಡಿನಲ್ಲಿ ಹಾಸಿಗೆ ತೆರವಾಗುತ್ತದಂತೆ. ಸಾಗಿಸಲು ಒಪ್ಪಲೇ?

ವಾರ್ಡ್ ಸಿಸ್ಟರ್: ಹಗಲಿನಲ್ಲಾದರೆ ಖಂಡಿತ ಒಪ್ಪಿ.

ಲೆಕ್ಕಿಗ: ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಫಿಸಿಯೋ ಬರುತ್ತಿದ್ದಾರೆ, ನರ್ಸುಗಳಿಗೆ ನಿಮ್ಮ ಅಮ್ಮನ ಪರಿಚಯವಾಗಿದೆ. ಮತ್ತೊಂದು ಸ್ಥಳಾಂತರ ಏಕೆ?