ಕೈ ಒತ್ತಿ ನೋಡಿ ಅಲರ್ಜಿ ಹೇಳ್ತಾರೆ, ನಂಬಬಹುದಾ?

ಬನಶಂಕರಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಒಂದು ವರ್ಷದಿಂದ ಮೊಣಕೈ ಸಂದಿಯಲ್ಲಿ, ಮಂಡಿ ಹಿಂದೆ ಕೆರೆತ, ದದ್ದು. ಆಗಾಗ ಹೊಟ್ಟೆನೋವು ಅಂತಾಳೆ. ಪಕ್ಕದ ಮನೆಯವರು ಹೇಳಿದರು ಅಂತ ಮಸಲ್ ಟೆಸ್ಟಿಂಗ್ ಮಾಡುವ ಒಬ್ಬರ ಹತ್ತಿರ ಹೋದೆ. ಮಗು ಚಿಕ್ಕದು ಅಂತ ನನ್ನನ್ನೇ ನಿಲ್ಲಿಸಿದರು. ಎಡಗೈಯಲ್ಲಿ ಮಗಳ ಕೈ ಹಿಡ್ಕೊಂಡು ಬಲಗೈ ಮುಂದೆ ಚಾಚಬೇಕು. ಮಗಳ ಇನ್ನೊಂದು ಕೈಗೆ ಒಂದೊಂದೇ ಪುಟ್ಟ ಗಾಜಿನ ಸೀಸೆ ಕೊಟ್ಟು, ನನ್ನ ಕೈ ಒತ್ತುತ್ತಾ ಹೋದರು. ಹಾಲು, ಗೋಧಿ, ಕಡಲೆಕಾಯಿ, ಟೊಮ್ಯಾಟೊ ಸೀಸೆ ಬಂದಾಗ ಕೈ ಕೆಳಗೆ ಹೋಯ್ತು. ನಾಲ್ಕನ್ನೂ ಬಿಡಿಸಿ, ಹತ್ತು ಸಿಟ್ಟಿಂಗ್ ಬನ್ನಿ ಅಂದರು. ಬಿಡಿಸಿ ಆರು ವಾರ ಆಯ್ತು. ಡಬ್ಬಿಗೆ ಏನು ಹಾಕಲಿ ಅನ್ನೋದೇ ದಿನಾ ಚಿಂತೆ. ನಾನೇನೂ ಬೇಕಂತ ಕೈ ಬಿಟ್ಟಿಲ್ಲ, ಅದು ತಾನಾಗೇ ಬಿತ್ತು. ಅದಕ್ಕೇ ಗೊಂದಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಲ್ಲೇಶ್ವರಂನಿಂದ:

ನಿಮ್ಮ ಕೊನೆಯ ಮಾತು ಓದಿ ನನ್ನದೇ ಕಥೆ ನೆನಪಾಯ್ತಮ್ಮಾ. ನನ್ನ ಕೈಯೂ ತಾನಾಗೇ ಬಿದ್ದಿತ್ತು. ಅದಕ್ಕೇ ನಂಬಿದೆ.

ನನಗೆ ಆಗ 54. ಮೊಟ್ಟೆ, ಮಾಂಸ ಯಾವುದೂ ಇಲ್ಲ. ಯಾವಾಗಲೂ ಸುಸ್ತು, ಪಾದ ಜುಮುಜುಮು. ನಾನು ಹೋದ ಮಸಲ್ ಟೆಸ್ಟಿಂಗ್‌ನವರು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು "ತಡೀರಿ" ಅಂತ ಹೇಳಿ ಒತ್ತುತ್ತಿದ್ದರು. ಹಾಲಿನ ಸೀಸೆ ಕೊಟ್ಟಾಗ ಕೈ ಸೊಂಟದ ತನಕ ಇಳೀತು. ಹಾಲು ಮೊಸರು ಆಗಲ್ಲ, ಗೋಧಿ ಆಗಲ್ಲ, ಲಿವರ್ ವೀಕ್ ಅಂದರು. ಐದು ತಿಂಗಳು ಮೊಸರು ಮುಟ್ಟಲಿಲ್ಲ. ಅವರು ಕೊಟ್ಟ ಮಾತ್ರೆ ಡಬ್ಬಿಗಳನ್ನೇ ನುಂಗಿದೆ. ಜುಮುಜುಮು ಮಂಡಿ ತನಕ ಬಂತು. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಜಾರಿ ಉಳಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಬೆಳಿಗ್ಗೆ ಮಗಳು ಬೈದು ಆಸ್ಪತ್ರೆಗೆ ಕರ್ಕೊಂಡು ಹೋದಳು.

ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹಾಲು ಮೊಸರು ತಗೋತೀರಾ?" ಮೊಟ್ಟೆ, ಮಾಂಸ ತಿನ್ನದವರಿಗೆ ಊಟದಲ್ಲಿ ಬಿ12 ಸಿಗೋದು ಮುಖ್ಯವಾಗಿ ಅದರಿಂದಲೇ ಅಂತೆ. ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿಕೊಂಡಿದ್ದೆ. ಇಂಜೆಕ್ಷನ್ ಶುರು ಮಾಡಿದ ಮೇಲೆ ಸುಸ್ತು ಹೋಯ್ತು. ಪಾದದ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ.

ಆಮೇಲೆ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆವು. ನೀವೂ ಮಾಡಬಹುದು. ಮೊದಲು ಎಲ್ಲರಿಗೂ ಕಾಣುವ ಹಾಗೆ ನನ್ನ ಕೈಗೆ ಸಕ್ಕರೆ, ಆಮೇಲೆ ಉಪ್ಪು ಕೊಟ್ಟು ಯಜಮಾನರು ಕೈ ಒತ್ತಿದರು. ಪ್ರತಿ ಸಲವೂ ಸಕ್ಕರೆಗೆ ಕೈ ಬಿತ್ತು, ಉಪ್ಪಿಗೆ ನಿಂತಿತು. ನಾವೇ ಬೆರಗಾದೆವು. ಆಮೇಲೆ ಮಗ ಒಳಗಿನ ಕೋಣೆಯಲ್ಲಿ ಕೂತು ಒಂದೇ ತೂಕದ ಹತ್ತು ಪೊಟ್ಟಣ ಕಟ್ಟಿದ. ಐದರಲ್ಲಿ ಸಕ್ಕರೆ, ಐದರಲ್ಲಿ ಉಪ್ಪು. ಮೇಲೆ ಪೇಪರ್ ಸುತ್ತಿ ಬರೀ ನಂಬರ್ ಹಾಕಿದ. ಪಟ್ಟಿ ಜೇಬಿನಲ್ಲಿಟ್ಟುಕೊಂಡು ತಾನು ವೆರಾಂಡದಲ್ಲಿ ನಿಂತ. ಯಾವುದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಹತ್ತರಲ್ಲಿ ನಾಲ್ಕು ಸರಿ ಬಂತು. ಏಳನೇ ನಂಬರ್ ಪೊಟ್ಟಣಕ್ಕೆ ಮೊದಲ ಸಲ ಕೈ ಬಿತ್ತು, ಎರಡನೇ ಸಲ ಬೀಳಲಿಲ್ಲ. ಅವತ್ತು ನನಗೆ ಅರ್ಥವಾಯ್ತು, ಸೀಸೆ ಮೇಲಿನ ಚೀಟಿ ಓದಿದ್ದು ನಮ್ಮ ಕಣ್ಣು.

ವಿಜಯನಗರದಿಂದ:

ನಾನು ಫಿಸಿಯೋಥೆರಪಿಸ್ಟ್. ಹೆಸರಿನ ಗೊಂದಲ ಮೊದಲು ಬಿಡಿಸ್ತೀನಿ. ಸ್ನಾಯುವಿನ ಶಕ್ತಿ ನೋಡೋದು ನಮ್ಮ ದಿನದ ಕೆಲಸ. ಪಾರ್ಶ್ವವಾಯು ಆದವರಿಗೆ, ನರ ಒತ್ತಿಕೊಂಡವರಿಗೆ, ಆಪರೇಷನ್ ಆದವರಿಗೆ ಸೊನ್ನೆಯಿಂದ ಐದರ ತನಕ ಗ್ರೇಡ್ ಕೊಡ್ತೀವಿ. ಸೊನ್ನೆ ಅಂದ್ರೆ ಸ್ನಾಯು ಮಿಸುಕೋದೇ ಇಲ್ಲ. ಮೂರು ಅಂದ್ರೆ ಕೈಯ ಭಾರವನ್ನು ತಾವೇ ಎತ್ತಬಲ್ಲರು. ಐದು ಪೂರ್ತಿ ಶಕ್ತಿ. ಈ ಪರೀಕ್ಷೆ ಆ ಸ್ನಾಯು, ಅದರ ನರದ ಬಗ್ಗೆ ಹೇಳುತ್ತೆ. ಹಾಲಿನ ಬಗ್ಗೆ ಹೇಳಲ್ಲ.

ನಿಮಗೆ ಮಾಡಿದ್ದು ಬೇರೆ. ಅದರ ಮೂಲ ಅಪ್ಲೈಡ್ ಕಿನೀಸಿಯಾಲಜಿ. 1964ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಜಾರ್ಜ್ ಗುಡ್‌ಹಾರ್ಟ್ ಅನ್ನುವ ಕೈರೋಪ್ರಾಕ್ಟರ್, ಅಂದ್ರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು, ಶುರು ಮಾಡಿದ್ದು. ಒಂದೊಂದು ಸ್ನಾಯುವಿಗೂ ಒಂದೊಂದು ಅಂಗದ ನಂಟಿದೆ, ಸ್ನಾಯು ಸೋತರೆ ಆ ಅಂಗದಲ್ಲಿ ತೊಂದರೆ ಅನ್ನೋದು ಅವರ ವಾದ. ಕಾಲೇಜಿನಲ್ಲಿ ಕಲಿಸುವ ಕಿನೀಸಿಯಾಲಜಿ ಮೈಯ ಚಲನೆಯ ಶಾಸ್ತ್ರ. ಎರಡಕ್ಕೂ ಹೆಸರು ಮಾತ್ರ ಒಂದೇ.

ಕೈ ತಾನಾಗೇ ಬಿತ್ತು ಅಂದ್ರಿ, ಯಾಕೆ ಅಂತ ಹೇಳ್ತೀನಿ. ಬಾಗಿಲನ್ನು ತುದಿಯಲ್ಲಿ ತಳ್ಳೋದಕ್ಕೂ ಕೀಲಿನ ಹತ್ತಿರ ತಳ್ಳೋದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಮಣಿಕಟ್ಟಿನಿಂದ ಮೊಣಕೈ ಕಡೆ ಸ್ವಲ್ಪ ಜರುಗಿ ಒತ್ತಿದರೂ ಕೈ ಗಟ್ಟಿಯಾದ ಹಾಗೆ ಅನಿಸುತ್ತೆ. "ತಡೀರಿ" ಅನ್ನೋ ಮೊದಲೇ ಒತ್ತಿದರೆ ಯಾರ ಕೈಯಾದರೂ ಇಳಿಯುತ್ತೆ. ಹತ್ತು ಹದಿನೈದು ಸಲ ಆದ ಮೇಲೆ ಭುಜ ದಣಿದಿರುತ್ತೆ. ಇದರ ಜೊತೆಗೆ ಒತ್ತುವವರಿಗೆ ಸೀಸೆಯಲ್ಲಿ ಏನಿದೆ ಅಂತ ಗೊತ್ತು, ನಿಮಗೂ ಗೊತ್ತು. ಮನಸ್ಸಿನ ನಿರೀಕ್ಷೆ ನಮಗೆ ತಿಳಿಯದೆ ಕೈಗೆ ಇಳಿಯುತ್ತೆ. 1852ರಲ್ಲೇ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ಇದಕ್ಕೆ ಐಡಿಯೋಮೋಟರ್ ಅಂತ ಹೆಸರಿಟ್ಟರು. ನಮ್ಮೂರಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೀತಾರಲ್ಲ, ಕಾಯಿ ಎದ್ದು ನಿಲ್ಲುತ್ತೆ. ಅದೂ ಇದೇ. ಹಿಡಿದವರು ಮೋಸ ಮಾಡ್ತಿರಲ್ಲ. ನೀವು ಹೋದವರೂ ತಾವು ಮಾಡೋದು ನಿಜ ಅಂತಲೇ ನಂಬಿರಬಹುದು.

ಮಲ್ಲೇಶ್ವರಂ ಅಮ್ಮ ಮಾಡಿದ ಪ್ರಯೋಗವನ್ನು ಸಂಶೋಧಕರೂ ಮಾಡಿದ್ದಾರೆ. 1988ರಲ್ಲಿ ಮೂವರು ಅನುಭವಿಗಳು 11 ಜನರ ಪೋಷಕಾಂಶದ ಕೊರತೆಯನ್ನು ಕೈ ಒತ್ತಿ ಹೇಳಿದರು. ಲ್ಯಾಬ್ ರಿಪೋರ್ಟಿಗೂ ತಾಳೆ ಆಗಲಿಲ್ಲ, ಒಬ್ಬರು ಹೇಳಿದ್ದು ಇನ್ನೊಬ್ಬರದಕ್ಕೂ ತಾಳೆ ಆಗಲಿಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಒಂದು ಸೀಸೆಯಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ವಿಷದ ದ್ರಾವಣ. ಯಾವುದು ಯಾವುದು ಅಂತ ಯಾರಿಗೂ ಹೇಳಿರಲಿಲ್ಲ. ಸರಿ ಬಂದದ್ದು ನೂರಕ್ಕೆ 53. ನಾಣ್ಯ ಚಿಮ್ಮಿದರೂ ಸುಮಾರು ಅಷ್ಟೇ ಬರುತ್ತೆ. ರೇ ಹೈಮನ್ ಅನ್ನುವ ಮನಶ್ಶಾಸ್ತ್ರಜ್ಞರು ತಾವು ಕಂಡ ಒಂದು ಪರೀಕ್ಷೆಯ ಬಗ್ಗೆ ಬರೆದಿದ್ದಾರೆ. ನಾಲಿಗೆ ಮೇಲೆ ಗ್ಲೂಕೋಸ್ ಹನಿ ಹಾಕಿದರೆ ಕೈ ಸೋಲುತ್ತೆ, ಹಣ್ಣಿನ ಸಕ್ಕರೆ ಹಾಕಿದರೆ ನಿಲ್ಲುತ್ತೆ ಅಂತ ಕೈರೋಪ್ರಾಕ್ಟರ್‌ಗಳು ತೋರಿಸಿದರು. ಹೆಸರು ಮುಚ್ಚಿ, ನಂಬರ್ ಹಾಕಿದ ಕೊಳವೆ ಕೊಟ್ಟಾಗ ಎಲ್ಲ ಕಲಸಿಹೋಯ್ತು. ಆಗ ಅವರಲ್ಲೊಬ್ಬರು, ಇದಕ್ಕೇ ನಾವು ಇಂಥ ಪರೀಕ್ಷೆ ಮಾಡೋದು ಬಿಟ್ಟಿದ್ದೀವಿ, ಇದರಲ್ಲಿ ಯಾವತ್ತೂ ಸರಿ ಬರಲ್ಲ ಅಂದರಂತೆ.

ಇನ್ನು, ತಾಯಿಯ ಭುಜ ನೋಡಿ ಮಗುವಿನ ಹೊಟ್ಟೆಯ ವಿಷಯ ಹೇಳೋದಕ್ಕೆ ದೇಹದಲ್ಲಿ ಯಾವ ದಾರಿಯೂ ಇಲ್ಲ ಮೇಡಂ. ಹತ್ತು ಸಿಟ್ಟಿಂಗ್‌ಗೆ ದುಡ್ಡು ಕಟ್ಟಬೇಡಿ.

ರಾಜಾಜಿನಗರದಿಂದ:

ಎಲ್ಲರೂ ಒಂದೇ ಕಡೆ ಹೇಳ್ತಿದ್ದೀರಿ, ನನ್ನದೂ ಸ್ವಲ್ಪ ಕೇಳಿ. ಕುತ್ತಿಗೆ ನೋವಿಗೆ ನಾನು ಇಂಥವರ ಹತ್ತಿರವೇ ಹೋಗಿದ್ದೆ. ಮುಕ್ಕಾಲು ಗಂಟೆ ಕೂತು ನನ್ನ ಮಾತು ಕೇಳಿದರು. ಅಷ್ಟು ಹೊತ್ತು ಯಾವ ಡಾಕ್ಟರೂ ಕೇಳಿರಲಿಲ್ಲ. ಕುತ್ತಿಗೆ ತೀಡಿದರು, ವ್ಯಾಯಾಮ ಹೇಳಿಕೊಟ್ಟರು. ನೋವು ಕಡಿಮೆ ಆಯ್ತು. ಸುಮ್ನೆ ಎಲ್ಲ ಸುಳ್ಳು ಅನ್ನೋಕೆ ನನಗೆ ಮನಸ್ಸು ಬರಲ್ಲ.

ವಿಜಯನಗರದಿಂದ:

ಸರ್, ನಿಮಗೆ ಗುಣ ಆಗಿದ್ದು ನಿಜ. ತೀಡಿದ್ದು, ವ್ಯಾಯಾಮ, ಗಮನ ಕೊಟ್ಟು ಕೇಳಿದ್ದು, ಮೂರೂ ಕೆಲಸ ಮಾಡುತ್ತೆ. ಹೊರರೋಗಿಗಳ ಸಾಲಿನಲ್ಲಿ ಕಾದು ಎರಡೇ ನಿಮಿಷ ಸಿಗುವ ಕಡೆ ಜನರಿಗೆ ಬೇಜಾರಾಗೋದು ನನಗೂ ಗೊತ್ತು. ನನ್ನ ತಕರಾರು ಕೈ ಒತ್ತಿ ಕಾಯಿಲೆ ಹೆಸರು ಹೇಳೋದಕ್ಕೆ ಮಾತ್ರ.

ಹನುಮಂತನಗರದಿಂದ:

ಕಲ್ಯಾಣ ಮಂಟಪದ ಒಂದು ಮೀಟಿಂಗ್‌ನಲ್ಲಿ ನಮ್ಮಪ್ಪನಿಗೆ ಇದನ್ನೇ ತೋರಿಸಿ "ಎನರ್ಜಿ" ಪದಕ ಮಾರಿದ್ದರು. ಪದಕ ಇಲ್ಲದಾಗ ಕೈ ಬಿತ್ತು, ಹಾಕಿದಾಗ ನಿಂತಿತು. ವಿದೇಶದಲ್ಲಿ ಪವರ್ ಬ್ಯಾಲೆನ್ಸ್ ಅನ್ನುವ ಕೈಪಟ್ಟಿಯನ್ನೂ ಇಂಥ ಪ್ರದರ್ಶನ ತೋರಿಸಿಯೇ ಮಾರ್ತಿದ್ದರು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2010ರ ಕೊನೆಯಲ್ಲಿ ಕಂಪನಿಯನ್ನು ಹಿಡಿದು ಕೇಳಿದಾಗ, ನಂಬುವಂಥ ವೈಜ್ಞಾನಿಕ ಪುರಾವೆ ಇಲ್ಲ ಅಂತ ಒಪ್ಪಿಕೊಂಡಿತು.

ಯಲಹಂಕದಿಂದ:

ಇಲ್ಲದ ಅಲರ್ಜಿ ಇದೆ ಅಂದರೆ ಮಗು ಸೊರಗುತ್ತೆ. ಇರೋ ಅಲರ್ಜಿ ಹೋಯ್ತು ಅಂದರೆ ಜೀವಕ್ಕೇ ಅಪಾಯ. ನಾನು ಹೇಳಬೇಕಾದ್ದು ಇದು.

ನನ್ನ ಮಗನಿಗೆ ಕಡಲೆಕಾಯಿ ನಿಜವಾಗಿ ಆಗಲ್ಲ. ಮೂರು ವರ್ಷದವನಿದ್ದಾಗ ಒಂದು ಚಿಕ್ಕಿ ತುಂಡು ತಿಂದು ತುಟಿ ಊದಿ, ಉಸಿರು ಕಟ್ಟಿ, ಎಮರ್ಜೆನ್ಸಿಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಹೋದ ವರ್ಷ ಬಸವನಗುಡಿಯ ನೆಂಟರೊಬ್ಬರು ಅವನನ್ನು ಕೈ ಒತ್ತುವವರ ಹತ್ತಿರ ಕರ್ಕೊಂಡು ಹೋಗಿ, "ಈಗ ಕ್ಲಿಯರ್ ಆಗಿದೆಯಂತೆ, ಪರಿಷೆಯಲ್ಲಿ ನಾಲ್ಕು ಕಾಯಿ ತಿನ್ನಿಸಿ ನೋಡಿ" ಅಂತ ಫೋನ್ ಮಾಡಿದರು. ನನ್ನ ಕೈಕಾಲು ನಡುಗಿತು. ಪುಣ್ಯಕ್ಕೆ ತಿನ್ನಿಸಿರಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದಾಗ ಅಲರ್ಜಿ ಹಾಗೇ ಇತ್ತು.

ಸರಿಯಾದ ಪರೀಕ್ಷೆ ಹೀಗಿರುತ್ತೆ. ಯಾವಾಗ ತಿಂದಳು, ಎಷ್ಟು ಹೊತ್ತಿಗೆ ಏನಾಯ್ತು ಅಂತ ಡಾಕ್ಟರ್ ಮೊದಲು ಕೇಳ್ತಾರೆ. ಅನುಮಾನ ಇರೋ ಪದಾರ್ಥದ ಹನಿ ಮುಂಗೈ ಮೇಲೆ ಹಾಕಿ ಸಣ್ಣಗೆ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳುತ್ತಾ ಅಂತ ನೋಡ್ತಾರೆ. ಅಥವಾ ರಕ್ತದಲ್ಲಿ ಐಜಿಇ, ಅಂದ್ರೆ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ, ಅಳೀತಾರೆ. ಗುಳ್ಳೆ ಎದ್ದ ಮಾತ್ರಕ್ಕೆ ತಿನ್ನಲೇಬಾರದು ಅಂತಲ್ಲ. ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ, ಅವರ ಕಣ್ಣೆದುರಿಗೇ, ಚೂರು ಚೂರು ತಿನ್ನಿಸಿ ನೋಡ್ತಾರೆ. ಮನೆಯಲ್ಲಿ ಮಾಡಬೇಡಿ. ಕೆರೆತಕ್ಕೆ ಕೊಡುವ ಅಲರ್ಜಿ ಮಾತ್ರೆಯನ್ನು ಚುಚ್ಚಿ ನೋಡುವ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಮರೀದೆ ಕೇಳಿ. ಲ್ಯಾಬ್‌ಗಳಲ್ಲಿ ಐಜಿಜಿ ಅನ್ನುವ ಬೇರೆ ಪ್ರತಿಕಾಯ ಅಳೆದು ನೂರಾರು ಆಹಾರದ ಪಟ್ಟಿ ಕೊಡುವ ದುಬಾರಿ ಪ್ಯಾಕೇಜ್ ಇರುತ್ತೆ. ಅಲರ್ಜಿ ಕಂಡುಹಿಡಿಯೋಕೆ ಅದೂ ಬೇಡ. ಮಕ್ಕಳ ಆಹಾರದ ಅಲರ್ಜಿ ಕಂಡುಹಿಡಿಯೋಕೆ ಅಪ್ಲೈಡ್ ಕಿನೀಸಿಯಾಲಜಿ ಬಳಸಬೇಡಿ ಅಂತ, ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಬನಶಂಕರಿಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ಅವರಿಗೇ ಫೋನ್ ಮಾಡಿ, ಸೀಸೆಗೆ ಪೇಪರ್ ಸುತ್ತಿ, ನಿಮಗೂ ಗೊತ್ತಾಗದ ಹಾಗೆ ಇನ್ನೊಮ್ಮೆ ನೋಡೋಣವಾ ಅಂತ ಕೇಳಿದೆ. ಅನುಮಾನ ಇಟ್ಕೊಂಡು ಬಂದರೆ ಮೈ ಉತ್ತರ ಕೊಡಲ್ಲ ಅಂದರು. ಅಲ್ಲಿಗೆ ಬಿಟ್ಟೆ.

ನಿನ್ನೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿದ್ದೆವು. ತೂಕ ಒಂದು ಕೆಜಿ ಇಳಿದಿದೆ. ಕಾರ್ಡಿನಲ್ಲಿ ಆ ಎರಡು ಅಂಕಿ ಅಕ್ಕಪಕ್ಕ ನೋಡಿ ಕಣ್ಣಲ್ಲಿ ನೀರು ಬಂತು. ದದ್ದು ಎಗ್ಜಿಮಾ (ಚರ್ಮ ಒಣಗಿ ಕೆರೆಯುವ ಕಾಯಿಲೆ) ಥರ ಕಾಣುತ್ತೆ, ಎಷ್ಟೋ ಮಕ್ಕಳಲ್ಲಿ ಅದಕ್ಕೂ ಆಹಾರಕ್ಕೂ ಸಂಬಂಧ ಇರಲ್ಲ ಅಂದರು. ದಿನಾ ಎರಡು ಸಲ ಹಚ್ಚೋಕೆ ಕ್ರೀಮ್, ಜೊತೆಗೆ ಮುಲಾಮು ಕೊಟ್ಟಿದ್ದಾರೆ. ಅವಳ ಹಿಂದಿನ ವಿವರ ಎಲ್ಲ ಕೇಳಿ, ಹಾಲು ಮೊಸರು, ಟೊಮ್ಯಾಟೊ, ಗೋಧಿ ಮತ್ತೆ ಶುರು ಮಾಡಿ ಅಂದರು. ಹೊಟ್ಟೆನೋವಿಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತ ಪರೀಕ್ಷೆ ಬೇಕಾಗಬಹುದು, ಅದಕ್ಕೆ ಕೆಲವು ವಾರ ದಿನಾ ಗೋಧಿ ತಿಂದಿರಲೇಬೇಕಂತೆ. ಬಿಟ್ಟಿದ್ದಾಗ ಮಾಡಿದರೆ ಕಾಯಿಲೆ ಇದ್ದರೂ ಕಾಣಿಸದೇ ಹೋಗಬಹುದು. ಕಡಲೆಕಾಯಿ ಮಾತ್ರ ಅಲರ್ಜಿ ಡಾಕ್ಟರ್ ನೋಡುವ ತನಕ ಬೇಡ. ರಾತ್ರಿ ಮೊಸರನ್ನ ಎರಡು ಸಲ ಹಾಕಿಸ್ಕೊಂಡಳು.

ಗುರುವಾರ ಅಪಾಯಿಂಟ್‌ಮೆಂಟ್ ಇದೆ. ಯಲಹಂಕದವರೇ, ಚುಚ್ಚುವಾಗ ನಿಮ್ಮ ಮಗ ಅತ್ತನಾ? ಇವಳಿಗೆ ಏನು ಹೇಳಿ ಕರ್ಕೊಂಡು ಹೋಗಲಿ?

ಯಲಹಂಕದಿಂದ:

ಅಳಲಿಲ್ಲ. ಸೂಜಿ ಆಳಕ್ಕೆ ಹೋಗಲ್ಲ, ಬರೀ ಮೇಲೆ ಕೆರೆದ ಹಾಗೆ ಅಷ್ಟೇ. ಆಮೇಲೆ ಇಪ್ಪತ್ತು ನಿಮಿಷ ಮುಂಗೈ ಕೆರೆಯದೆ ಕೂರಬೇಕು, ಕಷ್ಟ ಅದೇ. ಅವಳಿಗೆ ಇಷ್ಟದ ಕಥೆ ಪುಸ್ತಕ ತಗೊಂಡು ಹೋಗಿ. ಇನ್ನೊಂದು ಕೈಯಲ್ಲಿ ಪುಟ ಅವಳೇ ತಿರುವಲಿ.