ಬೇಸಿಗೆಯಲ್ಲಿ ಗಾಡಿಯ ಎಂಜಿನ್ ಆಯಿಲ್ ಎಷ್ಟು ಬಿಸಿಯಾದರೆ ಚಿಂತೆ ಮಾಡಬೇಕು? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬಳ್ಳಾರಿ): ಅಣ್ಣಾ, ನನ್ನದು 150 ಸಿಸಿ ಏರ್ ಕೂಲ್ಡ್ ಗಾಡಿ. ದಿನಾ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮಧ್ಯಾಹ್ನದ ಶಿಫ್ಟ್ ಇದ್ದರೆ 42 ಡಿಗ್ರಿ ಬಿಸಿಲಲ್ಲೇ ಹೊರಡಬೇಕು. ಗೆಳೆಯನ ಇನ್‌ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯುವ ಸಾಧನ) ಹಿಡಿದು ನೋಡಿದೆ, ಎಂಜಿನ್ನಿನ ಮೇಲ್ಭಾಗದ ಹೆಡ್ ಹತ್ತಿರ 170 ತೋರಿಸಿತು. ಆಯಿಲ್ ಸುಟ್ಟೇ ಹೋಗುತ್ತದಾ?

ಉತ್ತರ: ಗಾಬರಿ ಬೇಡ. ಆ 170 ಹೆಡ್ಡಿನ ಲೋಹದ ಬಿಸಿ, ಆಯಿಲಿನದ್ದಲ್ಲ. ಪ್ಲಗ್ ಸುತ್ತಲಿನ ಲೋಹ ಅಷ್ಟು ಕಾಯುವುದು ಏರ್ ಕೂಲ್ಡ್ ಎಂಜಿನ್ನಿಗೆ ಮಾಮೂಲಿ. ಆಯಿಲಿನ ಅಂದಾಜು ಸಿಗಬೇಕಾದರೆ ಗನ್ನನ್ನು ಕೆಳಗೆ, ಆಯಿಲ್ ತುಂಬಿರುವ ಕ್ರ್ಯಾಂಕ್‌ಕೇಸಿನ ತಳಕ್ಕೆ ಹಿಡಿಯಿರಿ. ಇನ್ನೊಂದು ವಿಷಯ. ಹೊಳೆಯುವ ಅಲ್ಯುಮಿನಿಯಂ ಮೇಲೆ ಈ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೊಳಪಿಲ್ಲದ ಕಪ್ಪು ಪೇಂಟ್ ಇರುವ ಜಾಗ ಹುಡುಕಿ, ಹತ್ತಿರದಿಂದ ಅಳೆಯಿರಿ. ಅಲ್ಲಿ ಬಂದ ಸಂಖ್ಯೆಗಿಂತ ಒಳಗಿನ ಆಯಿಲ್ ಸ್ವಲ್ಪ ಜಾಸ್ತಿಯೇ ಬಿಸಿ ಇರುತ್ತದೆ ಅಂದುಕೊಳ್ಳಿ.

ಚೆನ್ನಾಗಿ ಓಡಿದ ಗಾಡಿಯಲ್ಲಿ ಆಯಿಲ್ 90ರಿಂದ 120 ಡಿಗ್ರಿ ಇದ್ದರೆ ಸರಿ. ತೀರಾ ತಣ್ಣಗಿದ್ದರೂ ಒಳ್ಳೆಯದಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನಂಶ ಸ್ವಲ್ಪ ಒಳಗೆ ಸೇರುತ್ತದೆ, ಆಯಿಲ್ ಕಾಯ್ದರೆ ಮಾತ್ರ ಅದು ಆವಿಯಾಗಿ ಹೋಗುತ್ತದೆ. 130 ದಾಟಿ ಅಲ್ಲೇ ನಿಂತರೆ ಸಾದಾ ಮಿನರಲ್ ಆಯಿಲ್ ಬೇಗ ಹಳಸುತ್ತದೆ. ಪ್ರತಿ 10 ಡಿಗ್ರಿ ಏರಿದಾಗ ಆಯಿಲ್ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಈಗ ನಮ್ಮ ಕಡೆಯ ಲೆಕ್ಕ ನೋಡಿ. ಏರ್ ಕೂಲ್ಡ್ ಎಂಜಿನ್ ತನ್ನ ಬಿಸಿಯನ್ನು ಬಿಡುವುದು ಹೊರಗಿನ ಗಾಳಿಗೆ. ಆ ಗಾಳಿಯೇ 17 ಡಿಗ್ರಿ ಜಾಸ್ತಿ ಕಾಯ್ದಿದ್ದರೆ, ಅದೇ ವೇಗ ಅದೇ ಲೋಡಿನಲ್ಲಿ ಆಯಿಲ್ ಕೂಡ ಹತ್ತಿರ ಹತ್ತಿರ ಅಷ್ಟೇ ಮೇಲೇರುತ್ತದೆ. 25 ಡಿಗ್ರಿ ಹವೆಯಲ್ಲಿ 100 ಇದ್ದ ಆಯಿಲ್, 42ರ ಬಿಸಿಲಲ್ಲಿ 115ರ ಮೇಲಿರುತ್ತದೆ. ಅದಿನ್ನೂ ಸುಟ್ಟುಹೋಗುವ ಬಿಸಿ ಅಲ್ಲ. ಆದರೆ ಆಯಿಲಿನ ಆಯುಷ್ಯ ಕಡಿಮೆಯಾಗುವುದು ಖಂಡಿತ. ಅದಕ್ಕೇ ಮಾರ್ಚ್‌ನಿಂದ ಮೇ ತನಕ ಆಯಿಲನ್ನು ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ ಅನ್ನುತ್ತೇನೆ.

ಪ್ರಶ್ನೆ (ಸಂಡೂರು): ನನ್ನ ಗಾಡಿ ಹೋದ ಬೇಸಿಗೆಗಿಂತ ಈ ಸಲ ಜಾಸ್ತಿ ಕಾಯುತ್ತಿದೆ. ಆಯಿಲ್ ಅದೇ, ದಾರಿಯೂ ಅದೇ. ಯಾಕೆ?

ಉತ್ತರ: ಮೊದಲು ಫಿನ್ ನೋಡಿ, ಅಂದರೆ ಬಿಸಿ ಹೊರಬಿಡಲು ಎಂಜಿನ್ ಸುತ್ತ ಇರುವ ಲೋಹದ ತೆಳು ಪಟ್ಟಿಗಳು. ನಿಮ್ಮ ಕಡೆ ಅದಿರು ಲಾರಿಗಳ ಹಿಂದೆ ಏಳುವ ಕೆಂಪು ಧೂಳು ಇದೆಯಲ್ಲ, ಅದು ಫಿನ್ನುಗಳ ಸಂದಿಯಲ್ಲಿ ಕೂರುತ್ತದೆ. ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಕವರ್ ಅಥವಾ ಹೆಡ್ ಗ್ಯಾಸ್ಕೆಟ್ (ಸೋರದಂತೆ ಹೆಡ್ ಕೆಳಗೆ ಇಡುವ ಪದರ) ಹತ್ತಿರ ಆಯಿಲ್ ಜಿನುಗುತ್ತಿದ್ದರಂತೂ ಧೂಳು ಅಂಟಿ ಗಟ್ಟಿ ಪದರ ಆಗುತ್ತದೆ. ಎಂಜಿನ್ನಿಗೆ ಕಂಬಳಿ ಹೊದಿಸಿದ ಹಾಗೆ. ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನಮ್ಮ ಭಾಗದಲ್ಲಿ ಎಂಜಿನ್ ಕಾಯಲು ಇದೇ ದೊಡ್ಡ ಕಾರಣ, ಆದರೆ ಜನ ಆಯಿಲ್ ಬ್ರ್ಯಾಂಡ್ ಬಗ್ಗೆಯೇ ಜಗಳ ಆಡುತ್ತಾರೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿ, ಸಣ್ಣ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜಿ, ಸೋಪು ನೀರಿನಲ್ಲಿ ತೊಳೆಯಿರಿ. ಜಿನುಗುವ ಗ್ಯಾಸ್ಕೆಟ್ ಬದಲಿಸಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಏರ್ ಫಿಲ್ಟರನ್ನೂ ಮರೆಯಬೇಡಿ. ಹಾಗೆಯೇ ಲೆಗ್ ಗಾರ್ಡಿಗೆ ಫ್ಲೆಕ್ಸ್ ಕಟ್ಟಿದ್ದರೆ, ಚೀಲ ತೂಗುಹಾಕಿದ್ದರೆ ಇವತ್ತೇ ತೆಗೆಯಿರಿ. ಎಂಜಿನ್ನನ್ನು ತಣ್ಣಗಿಡಲು ಇರುವುದು ಮುಂದಿನಿಂದ ಬಡಿಯುವ ಆ ಗಾಳಿ ಒಂದೇ.

ಪ್ರಶ್ನೆ (ರಾಯಚೂರು): ನನ್ನ 100 ಸಿಸಿ ಗಾಡಿಗೆ ಕಂಪನಿ 10ಡಬ್ಲ್ಯೂ-30 ಗ್ರೇಡಿನ ಆಯಿಲ್ ಹೇಳಿದೆ. ಇಲ್ಲಿ ಮೇ ತಿಂಗಳು ಹೇಗಿರುತ್ತದೆ ನಿಮಗೆ ಗೊತ್ತೇ ಇದೆ. ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಅನ್ನುತ್ತಾರೆ. ನಿಜಾನಾ?

ಉತ್ತರ: ತಣ್ಣಗಿರುವುದಿಲ್ಲ. ದಪ್ಪ ಆಯಿಲನ್ನು ತಳ್ಳಲು ಪಂಪಿಗೆ ಶ್ರಮ ಜಾಸ್ತಿ, ಒಳಗಿನ ತಿಕ್ಕಾಟದ ಬಿಸಿಯೂ ತುಸು ಜಾಸ್ತಿ. ಬಿಸಿಯಲ್ಲೂ ತೀರಾ ತೆಳ್ಳಗಾಗದೆ ಬೇರಿಂಗ್ ಮೇಲೆ ದಪ್ಪ ಪದರ ಉಳಿಸುವುದು ಅದರ ಗುಣ. ನಿಮ್ಮ ಎಂಜಿನ್ನಿನ ಸಂದುಗಳು ಅದಕ್ಕೆಂದು ಮಾಡಿದವಲ್ಲ. ಕೆಲವು ಕಂಪನಿಗಳ ಪುಸ್ತಕದಲ್ಲಿ ಹವೆಯ ಪ್ರಕಾರ ಗ್ರೇಡ್ ಕೊಟ್ಟಿರುತ್ತಾರೆ. ಅದರಲ್ಲಿ ದಪ್ಪ ಗ್ರೇಡಿಗೆ ಒಪ್ಪಿಗೆ ಇದ್ದರೆ ಹಾಕಿ, ಇಲ್ಲದಿದ್ದರೆ ಅದೇ 10ಡಬ್ಲ್ಯೂ-30ರಲ್ಲಿ ಸಿಂಥೆಟಿಕ್ ತಗೊಳ್ಳಿ. ಬಿಸಿ ತಡೆಯುವ ಶಕ್ತಿ ಅದಕ್ಕೆ ಮಿನರಲ್ಲಿಗಿಂತ ಹೆಚ್ಚು.

ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಲೇಬೇಕು, ಆಯಿಲಿನಲ್ಲೇ ಮುಳುಗಿರುವ ಬೈಕ್ ಕ್ಲಚ್ಚಿಗೆ ತಕ್ಕ ಆಯಿಲ್ ಅನ್ನುವ ಗುರುತು ಅದು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು, ಅದರಿಂದಲೂ ಬಿಸಿಯೇ.

ಪ್ರಶ್ನೆ (ಗಂಗಾವತಿ): ಎರಡು ಚೀಲ ಅಕ್ಕಿ ಹೇರಿಕೊಂಡು ನಿಧಾನ ಹೋದರೂ ಎಂಜಿನ್ ಕಟಕಟ ಅನ್ನುತ್ತದೆ. ದಾರಿಯಲ್ಲಿ ನಿಲ್ಲಿಸಿ ನೀರು ಹಾಕಬಹುದಾ?

ಉತ್ತರ: ದಯವಿಟ್ಟು ಹಾಕಬೇಡಿ. ಕಾಯ್ದ ಲೋಹಕ್ಕೆ ತಣ್ಣೀರು ಬಿದ್ದರೆ ಒಂದು ಕಡೆ ಕುಗ್ಗುತ್ತದೆ, ಇನ್ನೊಂದು ಕಡೆ ಹಿಗ್ಗಿಯೇ ಇರುತ್ತದೆ. ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ನೆರಳಿನಲ್ಲಿ ನಿಲ್ಲಿಸಿ, ತಾನಾಗಿ ಆರಲಿ.

ನಿಧಾನ ಹೋದರೆ ಎಂಜಿನ್ ಆರಾಮಾಗಿರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಲೋಡ್ ಜಾಸ್ತಿ, ಗಾಳಿ ಕಡಿಮೆ, ಅದೇ ಕೆಟ್ಟ ಜೋಡಿ. ಮೇಲಿನ ಗೇರಿನಲ್ಲಿ ಎಳೆಸಬೇಡಿ, ಒಂದು ಗೇರು ಇಳಿಸಿ. ರೈಲ್ವೆ ಗೇಟ್ ಬಿದ್ದಿದ್ದರೆ ಎಂಜಿನ್ ಆಫ್ ಮಾಡಿ. ಕಟಕಟ ಶಬ್ದ ಆಯಿಲ್ ಕಡಿಮೆಯಾಗಿಯೂ ಬರಬಹುದು, ಟ್ಯಾಪೆಟ್ ಸಡಿಲವಾಗಿಯೂ ಬರಬಹುದು. ಬಿಸಿಯಾದಾಗ ಪಿಕಪ್ ಸತ್ತು, ಗಾಡಿ ಹಿಡಿದ ಹಾಗೆ ಅನ್ನಿಸಿದರೆ ತಕ್ಷಣ ಕ್ಲಚ್ ಹಿಡಿದು ನಿಲ್ಲಿಸಿ. ಅದು ಪಿಸ್ಟನ್ ಸೀಜ್ ಆಗುವ, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುವ ಮುನ್ಸೂಚನೆ.

ಪ್ರಶ್ನೆ (ಗಂಗಾವತಿ, ಅವರದೇ): ಆಯಿಲ್ ಬದಲಿಸಿ ಜಾಸ್ತಿ ದಿನ ಆಗಿಲ್ಲ. ಅಷ್ಟರಲ್ಲೇ ಕಡಿಮೆ ಆಗುತ್ತದಾ?

ಉತ್ತರ: ಆಗುತ್ತದೆ. ತುಂಬ ಕಾಯ್ದಾಗ ಸ್ವಲ್ಪ ಆವಿಯಾಗುತ್ತದೆ, ತೆಳ್ಳಗಾಗಿ ಪಿಸ್ಟನ್ ರಿಂಗ್ ದಾಟಿ ಉರಿಯಲೂಬಹುದು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇದೆಯಾ ನೋಡಿ. ಸಣ್ಣ ಗಾಡಿಯಲ್ಲಿ ಇರುವುದೇ ಸುಮಾರು ಒಂದು ಲೀಟರ್. ಅದರಲ್ಲಿ 200 ಎಂಎಲ್ ಹೋದರೆ, ಉಳಿದದ್ದು ಅಷ್ಟೂ ಬಿಸಿಯನ್ನು ಹೊರಬೇಕು. ಪಿಸ್ಟನ್ನಿನ ತಳದ ಬಿಸಿಯನ್ನು ಎಳೆದುಕೊಳ್ಳುವುದೂ ಇದೇ ಆಯಿಲ್, ಅಲ್ವಾ?

ಗಾಡಿಯನ್ನು ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ ಅಷ್ಟೇ ಹೊತ್ತು ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಒರೆಸಿ ಒಳಗಿಟ್ಟು ನೋಡಿ. ತಿರುಗಿಸಿ ಬಿಗಿಯಬೇಕೋ ಸುಮ್ನೆ ಇಡಬೇಕೋ ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ, ತಪ್ಪಿದರೆ ಅಳತೆಯೂ ತಪ್ಪುತ್ತದೆ. ಮೇಲಿನ ಗೆರೆ ದಾಟಿಸಿ ತುಂಬಬೇಡಿ, ಕ್ರ್ಯಾಂಕ್ ಕಡೆದು ನೊರೆ ಬರುತ್ತದೆ. ನಾಳೆ ಚೀಲ ಹೇರುವ ಮೊದಲು ಇದನ್ನು ನೋಡಿ, ಅಳತೆ ಎಷ್ಟಿತ್ತು ಅಂತ ಇಲ್ಲೇ ಬರೆಯಿರಿ. ಟ್ಯಾಪೆಟ್ ಕೆಲಸಕ್ಕೆ ಕೈ ಹಾಕಬೇಕೋ ಬೇಡವೋ ಆಮೇಲೆ ಹೇಳುತ್ತೇನೆ.